ಕೋಬ್ರಾ ರೆಪ್ಲಿಕಾ ಕೊಳ್ಳುವ ಮುಂಚೆ ಜಾಹೀರಾತನ್ನು ಬಿಡಿಸಿ ಓದಿ

ಹಳೆಯ ಸ್ಪೋರ್ಟ್ಸ್ ಕಾರಿನ ರೆಪ್ಲಿಕಾ, ಅಂದರೆ ಅದನ್ನೇ ಹೋಲುವಂತೆ ಹೊಸದಾಗಿ ಕಟ್ಟಿದ ನಕಲು, ಮಾರುವವರ ಜಾಹೀರಾತುಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. "1965 ಕೋಬ್ರಾ, 427 ಎಂಜಿನ್, 550 ಹಾರ್ಸ್‌ಪವರ್, ಓಡಿರುವುದು ಬಹಳ ಕಡಿಮೆ, ಹೊಸದರಂತಿದೆ." ಜೊತೆಗೆ ಒಂದು ಫೋಟೊ: ನೀಲಿ ಬಣ್ಣ, ಎರಡು ಬಿಳಿ ಪಟ್ಟೆ, ಬಾಗಿಲ ಕೆಳಗೆ ಹೊಳೆಯುವ ಸೈಲೆನ್ಸರ್ ಪೈಪು. ಆಸೆಬಿದ್ದವರು ಫೋಟೊ ನೋಡುತ್ತಾರೆ, ಓದುವುದು ಆ ಹಾರ್ಸ್‌ಪವರ್ ಒಂದನ್ನೇ. ಆದರೆ ಆ ಸಾಲಿನ ಒಂದೊಂದು ಮಾತನ್ನೂ ಬಿಡಿಸಿ ನೋಡಬೇಕು. ಯಾವುದೂ ಸುಳ್ಳಲ್ಲದಿರಬಹುದು, ಆದರೂ ನೀವಂದುಕೊಂಡ ಅರ್ಥದಲ್ಲಿ ನಿಜವೂ ಅಲ್ಲದಿರಬಹುದು.

ಕೋಬ್ರಾವನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಸ್ಪೋರ್ಟ್ಸ್ ಕಾರುಗಳಲ್ಲಿ ಅದೂ ಒಂದು. ಟೆಕ್ಸಸ್‌ನ ಕ್ಯಾರಲ್ ಷೆಲ್ಬಿ 1959ರಲ್ಲಿ ಆಸ್ಟನ್ ಮಾರ್ಟಿನ್ ಓಡಿಸಿ ಲೆ ಮಾನ್ ರೇಸ್ ಗೆದ್ದವರು. ಹೃದಯದ ತೊಂದರೆಯಿಂದ ರೇಸಿಂಗ್ ಬಿಟ್ಟ ಮೇಲೆ ಅವರು ಇಂಗ್ಲೆಂಡಿನ ಎಸಿ ಎಂಬ ಕಾರು ಕಂಪನಿಯ ಏಸ್ ಎಂಬ ಹಗುರವಾದ ಕಾರಿಗೆ ಅಮೆರಿಕದ ಫೋರ್ಡ್ ವಿ8 ಎಂಜಿನ್ ಕೂರಿಸಿದರು. ಅದೇ 1962ರ ಕೋಬ್ರಾ. ಆ ದಶಕ ಮುಗಿಯುವುದರೊಳಗೆ ತಯಾರಿ ನಿಂತೇ ಹೋಯಿತು. ಒಟ್ಟು ಬಂದದ್ದು ಸಾವಿರದ ಆಸುಪಾಸು ಅಷ್ಟೆ. ಸಿಎಸ್‌ಎಕ್ಸ್ 2000 ಎಂಬ ನಂಬರಿನ ಮೊಟ್ಟಮೊದಲ ಕಾರು 2016ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿ ಹರಾಜಿನಲ್ಲಿ 1 ಕೋಟಿ 37.5 ಲಕ್ಷ ಡಾಲರ್‌ಗೆ ಹೋಯಿತು. ಹಾಗಾಗಿ ರಸ್ತೆಯ ಮೇಲೆ ನಿಮ್ಮ ಕಣ್ಣಿಗೆ ಬೀಳುವ ಕೋಬ್ರಾ ರೆಪ್ಲಿಕಾ ಆಗಿರುವ ಸಾಧ್ಯತೆಯೇ ಜಾಸ್ತಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಒಳ್ಳೆಯ ರೆಪ್ಲಿಕಾ ಅಸಲಿಗಿಂತ ಚೆನ್ನಾಗಿ ಬ್ರೇಕ್ ಹಿಡಿಯುತ್ತದೆ, ಚೆನ್ನಾಗಿ ತಿರುಗುತ್ತದೆ, ಗೀರು ಬಿದ್ದೀತೆಂಬ ಭಯವಿಲ್ಲದೆ ಓಡಿಸಲೂಬಹುದು.

ಈ ಕಾರುಗಳು ಹುಟ್ಟುವ ರೀತಿ ಮಾತ್ರ ಸ್ವಲ್ಪ ವಿಚಿತ್ರ. ಅಮೆರಿಕದಲ್ಲಿ ಪೂರ್ತಿ ತಯಾರಾದ ಹೊಸ ಕಾರನ್ನು ಮಾರಬೇಕಾದರೆ ಇವತ್ತಿನ ಸುರಕ್ಷತಾ ನಿಯಮಗಳನ್ನೆಲ್ಲ ಪಾಲಿಸಬೇಕು. ಏರ್‌ಬ್ಯಾಗ್ ಇಲ್ಲದ, ಸೂರಿಲ್ಲದ, ಅರವತ್ತರ ದಶಕದ ಆಕಾರದ ಗಾಡಿಗೆ ಅದು ಆಗದ ಮಾತು. ಅದಕ್ಕೆ ಕಂಪನಿಗಳು ಬಹುಕಾಲ ಪೂರ್ತಿ ಕಾರನ್ನು ಮಾರುತ್ತಲೇ ಇರಲಿಲ್ಲ. ಮ್ಯಾಸಚೂಸೆಟ್ಸ್‌ನ ಫ್ಯಾಕ್ಟರಿ ಫೈವ್ 1995ರಿಂದ ಕಿಟ್ ಮಾರುತ್ತಿದೆ: ಚಾಸಿಸ್ (ಕಾರಿನ ಅಡಿಯ ಚೌಕಟ್ಟು), ಬಾಡಿ, ಪೆಟ್ಟಿಗೆಗಟ್ಟಲೆ ಬಿಡಿಭಾಗ, ಜೋಡಿಸುವುದು ನಿಮ್ಮ ಪಾಡು. ಸೂಪರ್‌ಫಾರ್ಮೆನ್ಸ್ ಎಂಬ ಕಂಪನಿಯ ಕಾರುಗಳು ದಕ್ಷಿಣ ಆಫ್ರಿಕಾದಲ್ಲಿ ತಯಾರಾಗಿ ಪೇಂಟು, ಸೀಟು, ಚಕ್ರ ಎಲ್ಲ ಸೇರಿ ಬರುತ್ತವೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಮಾತ್ರ ಇರುವುದಿಲ್ಲ. ಯೂಟಾದ ಕರ್ಕಮ್ ಕಂಪನಿ ಅಸಲಿಯಂತೆ ಅಲ್ಯೂಮಿನಿಯಂ ಬಾಡಿಯನ್ನೇ ಮಾಡಿಸುತ್ತದೆ. ಅದಕ್ಕೆ ಶುರುವಿನಲ್ಲಿ ಕೈ ಹಾಕಿದ್ದು ಪೋಲೆಂಡಿನಲ್ಲಿ ಒಂದು ಕಾಲಕ್ಕೆ ಮಿಗ್ ಯುದ್ಧವಿಮಾನ ಕಟ್ಟುತ್ತಿದ್ದ ಕಾರ್ಖಾನೆಯ ಕೆಲಸಗಾರರು! ಸಣ್ಣ ಕಂಪನಿಗಳು ವರ್ಷಕ್ಕೆ 325ರವರೆಗೆ ಪೂರ್ತಿ ರೆಪ್ಲಿಕಾ ಮಾರಬಹುದು ಎಂಬ ಕಾನೂನು 2015ರಲ್ಲಿ ಬಂತು. ಅದಕ್ಕೆ ಬೇಕಾದ ನಿಯಮಾವಳಿ ಹೊರಬಂದದ್ದು 2021ರಲ್ಲಿ. ಅಂದರೆ ಈಗ ಕೈಯಿಂದ ಕೈಗೆ ದಾಟುತ್ತಿರುವ ಕಾರುಗಳಲ್ಲಿ ಬಹುಪಾಲು ಯಾರದೋ ಗ್ಯಾರೇಜಿನಲ್ಲೋ ಶೆಡ್ಡಿನಲ್ಲೋ ಜೋಡಣೆಯಾದವು.

ಆದ್ದರಿಂದ ಬಾನೆಟ್ ಮೇಲಿರುವ ಕಂಪನಿ ಹೆಸರಿಗಿಂತ ಎಂಜಿನ್ ಕೂರಿಸಿದವರು ಯಾರು, ವೈರಿಂಗ್ ಮಾಡಿದವರು ಯಾರು ಎನ್ನುವುದು ಮುಖ್ಯ. ಒಂದೇ ಕಂಪನಿಯ, ಒಂದೇ ವರ್ಷದ ಎರಡು ಕಿಟ್‌ಗಳಲ್ಲಿ ಒಂದು ಅದ್ಭುತವಾಗಿರಬಹುದು, ಇನ್ನೊಂದು ಹತ್ತಲು ಹೆದರಿಕೆಯಾಗುವಂತಿರಬಹುದು. ನೀವು ಕೊಳ್ಳುತ್ತಿರುವುದು ಒಬ್ಬ ಮನುಷ್ಯನ ಕೈಕೆಲಸವನ್ನು.

ಈಗ ಜಾಹೀರಾತಿಗೆ ಬರೋಣ.

"1965." ಈ ಮಾತು ಕಾಗದದ ಮೇಲೆ ಹೇಗಿದೆ ನೋಡಿ. 2008ರಲ್ಲಿ ಜೋಡಿಸಿದ ಕಾರಿನ ನೋಂದಣಿ ಪತ್ರದಲ್ಲಿ ಸುಮ್ನೆ "1965 ಕೋಬ್ರಾ" ಎಂದಷ್ಟೇ ಇದ್ದರೆ ಅಲ್ಲೇ ನಿಲ್ಲಿ. ಅಮೆರಿಕದಲ್ಲಿ ಒಂದೊಂದು ರಾಜ್ಯದ ನಿಯಮ ಒಂದೊಂದು ಥರ. ಕೆಲವು ಕಡೆ ಅದು ಯಾವ ವರ್ಷದ ಕಾರನ್ನು ಹೋಲುತ್ತದೋ ಆ ವರ್ಷವನ್ನು ಬರೆದು, ಪಕ್ಕದಲ್ಲಿ ರೆಪ್ಲಿಕಾ ಎಂದು ನಮೂದಿಸುತ್ತಾರೆ. ಕೆಲವು ಕಡೆ ವಿಶೇಷವಾಗಿ ಜೋಡಿಸಿದ ವಾಹನ ಎಂಬ ಬೇರೆ ವರ್ಗವೇ ಇದೆ. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ತಪಾಸಣೆಯಲ್ಲಿ ರಿಯಾಯಿತಿ ಸಿಗುವ ಇಂಥ ನೋಂದಣಿ ವರ್ಷಕ್ಕೆ 500 ಮಾತ್ರ. ಬ್ರಿಟನ್ನಿನಲ್ಲಿ ಐವಿಎ ಎಂಬ ತಪಾಸಣೆ ಪಾಸಾಗಬೇಕು. ಬಿಡಿಭಾಗಗಳ ವಯಸ್ಸು ಗೊತ್ತಾಗದಿದ್ದರೆ ಕ್ಯೂ ಅಕ್ಷರದಿಂದ ಶುರುವಾಗುವ ನಂಬರ್ ಪ್ಲೇಟ್ ಕೊಡುತ್ತಾರೆ. ಇವು ಯಾವುವೂ ಕಾರಿಗೆ ಕಳಂಕವಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಕಾಗದ ಇದ್ದರೆ ಸಾಕು. ಹೊಗೆ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು ಯಾರೋ ಹಿಂದೆ ಹಳೆಯ ಕಾರೊಂದರ ದಾಖಲೆಯನ್ನು ಇದಕ್ಕೆ ಅಂಟಿಸಿದ್ದರೆ, ಮುಂದೊಂದು ದಿನ ನೋಂದಣಿ ರದ್ದಾದಾಗ ತಲೆ ಕೆಡಿಸಿಕೊಳ್ಳಬೇಕಾದವರು ನೀವು. ಚಾಸಿಸ್‌ನಲ್ಲಿ ಕೊರೆದ ನಂಬರ್, ತಗಡಿನ ಪಟ್ಟಿಯ ಮೇಲಿನ ನಂಬರ್, ಕಾಗದದ ಮೇಲಿನ ನಂಬರ್, ಮೂರೂ ತಾಳೆಯಾಗಬೇಕು. ತಗಡು ಬಿಚ್ಚಿ ಮತ್ತೆ ರಿವೆಟ್ ಹೊಡೆದ ಗುರುತಿದ್ದರೆ ಕೇಳಿ. ಬೇರೆ ದೇಶಕ್ಕೆ ಒಯ್ಯುವ ಯೋಚನೆಯಿದ್ದರೆ ಅಲ್ಲಿಯ ನೋಂದಣಿ ಆಗುತ್ತದೋ ಇಲ್ಲವೋ ಎಂಬುದನ್ನು ಅಡ್ವಾನ್ಸ್ ಕೊಡುವ ಮುಂಚೆ ಬರವಣಿಗೆಯಲ್ಲಿ ತಿಳಿದುಕೊಳ್ಳಿ.

ಹೆಸರಿನದೂ ಒಂದು ಕಥೆ. ಕೋಬ್ರಾ ಹೆಸರು, ಆಕಾರಗಳ ಹಕ್ಕಿನ ಬಗ್ಗೆ ಷೆಲ್ಬಿ ಕಡೆಯವರಿಗೂ ಫ್ಯಾಕ್ಟರಿ ಫೈವ್‌ಗೂ ಕೋರ್ಟಿನಲ್ಲಿ ಜಟಾಪಟಿಯೇ ನಡೆದಿತ್ತು. ಆ ಕಂಪನಿ ಈಗ ತನ್ನ ಕಾರನ್ನು ರೋಡ್‌ಸ್ಟರ್ ಎಂದಷ್ಟೇ ಕರೆಯುತ್ತದೆ. ಸೂಪರ್‌ಫಾರ್ಮೆನ್ಸ್ ಷೆಲ್ಬಿಯಿಂದ ಲೈಸೆನ್ಸ್ ಪಡೆದಿದೆ. ಓಡಿಸುವವರಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ, ಮರುಮಾರಾಟದ ಬೆಲೆಯಲ್ಲಿ ಇದೆ.

"427." ಇದು ಘನ ಇಂಚುಗಳ ಲೆಕ್ಕ, ಅಂದರೆ 7 ಲೀಟರ್. 1965ರಲ್ಲಿ ಬಂದ ದೊಡ್ಡ ಕೋಬ್ರಾದಲ್ಲಿದ್ದದ್ದು ಫೋರ್ಡ್‌ನ ಎಫ್‌ಇ ವರ್ಗದ ಎಂಜಿನ್, ಎರಕದ ಕಬ್ಬಿಣದ್ದು, ಭಾರ ಹೊರಲಾರದಷ್ಟು. ತಮಾಷೆ ಏನೆಂದರೆ ಅಸಲಿ ಕಾರುಗಳಲ್ಲೇ ಕೆಲವಕ್ಕೆ ಅಗ್ಗವೆಂದು 428 ಎಂಜಿನ್ ಹಾಕಿ ಕಳಿಸಿದ್ದರು. ರೆಪ್ಲಿಕಾಗಳಲ್ಲಿ 427 ಎಂದರೆ ಬಹಳ ಸಲ ಬೇರೆಯೇ ಎಂಜಿನ್: ಫೋರ್ಡ್‌ನ 351 ವಿಂಡ್ಸರ್ ಬ್ಲಾಕಿಗೆ ಉದ್ದ ಸ್ಟ್ರೋಕಿನ ಕ್ರ್ಯಾಂಕ್ ಹಾಕಿ, ಪಿಸ್ಟನ್ ಹೆಚ್ಚು ದೂರ ಓಡುವಂತೆ ಮಾಡಿ, ಅದೇ 427 ಘನ ಇಂಚು ಹೊರಡಿಸಿದ್ದು. ಇದು ಮೋಸವಲ್ಲ. ನನ್ನನ್ನು ಕೇಳಿದರೆ ರಸ್ತೆಯಲ್ಲಿ ಓಡಿಸುವವರಿಗೆ ಇದೇ ವಾಸಿ. ಹಗುರ, ಮೂಗಿನ ಮೇಲೆ ಭಾರ ಕಡಿಮೆ, ಪಾರ್ಟ್ಸ್ ಸಲೀಸಾಗಿ ಸಿಗುತ್ತವೆ. ಆದರೆ ಎಫ್‌ಇ ಎಂಜಿನ್ನಿನ ಬೆಲೆ ಕೇಳಿ ವಿಂಡ್ಸರ್ ಕೊಟ್ಟರೆ ಅದು ಮೋಸ. ಕಂಡುಹಿಡಿಯುವುದು ಕಷ್ಟವಿಲ್ಲ. ಬಾನೆಟ್ ಎತ್ತಿ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮೇಲಿನ ಭಾಗ, ನೋಡಿ. ಎಫ್‌ಇಯಲ್ಲಿ ಮ್ಯಾನಿಫೋಲ್ಡ್ ಬಹಳ ಅಗಲ, ಅದರ ಎರಡೂ ಅಂಚುಗಳು ವಾಲ್ವ್ ಕವರ್‌ಗಳ ಅಡಿಗೆ ಹೋಗಿರುತ್ತವೆ. ವಿಂಡ್ಸರ್‌ನಲ್ಲಿ ಅದು ಎರಡು ಹೆಡ್‌ಗಳ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗಗಳ) ನಡುವೆ ಮುಗಿಯುತ್ತದೆ, ಕವರ್‌ಗಳು ಪೂರ್ತಿ ಹೆಡ್ ಮೇಲೇ ಕೂತಿರುತ್ತವೆ. ಕವರ್ ಮೇಲೆ ಏನು ಬರೆದಿದೆ ಎನ್ನುವುದನ್ನು ನಂಬಬೇಡಿ, ಯಾವ ಬರಹದ ಕವರ್ ಬೇಕಾದರೂ ಅಂಗಡಿಯಲ್ಲಿ ಸಿಗುತ್ತದೆ.

ಮೂರನೆಯ ಆಯ್ಕೆ ಫೋರ್ಡ್‌ನ ಈಗಿನ 5 ಲೀಟರ್ ಕಯೋಟಿ ಎಂಜಿನ್. ಕಂಪ್ಯೂಟರ್ ನಿಯಂತ್ರಣ, ಚಳಿಯಲ್ಲೂ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್. ಹಳೆಯ ಕಾರಿನ ಹೊಟ್ಟೆಯಲ್ಲಿ ಹೊಸ ಎಂಜಿನ್ ನೋಡಿ ಕೆಲವರು ಮುಖ ಸಿಂಡರಿಸುತ್ತಾರೆ. ಅವರು ಕಾರನ್ನು ನಿಲ್ಲಿಸಿ ತೋರಿಸುವುದೇ ಜಾಸ್ತಿ, ಓಡಿಸುವುದು ಕಡಿಮೆ.

"550 ಹಾರ್ಸ್‌ಪವರ್." ಎಲ್ಲಿ ಅಳೆದದ್ದು? ಎಂಜಿನ್ನನ್ನು ಬೆಂಚಿನ ಮೇಲಿಟ್ಟು ಅಳೆದ ಅಂಕಿಗೂ, ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಚಕ್ರದ ಬಳಿ ಅಳೆದ ಅಂಕಿಗೂ ವ್ಯತ್ಯಾಸ ಇರುತ್ತದೆ. ನಡುವೆ ಗೇರ್‌ಬಾಕ್ಸು, ಆಕ್ಸಲ್ಲು ತಮ್ಮ ಪಾಲು ತಿನ್ನುತ್ತವೆ, ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದರಷ್ಟು. ಅಳೆದ ದಿನದ ಚಾರ್ಟ್ ಕೇಳಿ. ಇಲ್ಲವೆಂದರೆ ಆ ಅಂಕಿ ಕೇವಲ ಅಂದಾಜು.

ಆದರೆ ನಿಜವಾದ ವಿಷಯ ಬೇರೆ. ಇವತ್ತು ಹಾರ್ಸ್‌ಪವರ್ ಅಗ್ಗ. ದುಡ್ಡು ಕೊಟ್ಟರೆ 500 ದಾಟಿದ ಎಂಜಿನ್ ಪೆಟ್ಟಿಗೆಯಲ್ಲಿ ಮನೆಗೇ ಬರುತ್ತದೆ. ಆ ಶಕ್ತಿಯನ್ನು ತಡೆದುಕೊಳ್ಳುವ, ತಣ್ಣಗಿಡುವ, ನಿಲ್ಲಿಸುವ ವ್ಯವಸ್ಥೆಯೇ ದುಬಾರಿ, ಮತ್ತು ಕಡಿಮೆ ಬಜೆಟ್ಟಿನ ಜೋಡಣೆಯಲ್ಲಿ ಕತ್ತರಿ ಬೀಳುವುದು ಅಲ್ಲಿಗೇ. ಗೇರ್‌ಬಾಕ್ಸ್ ಯಾವುದು ಕೇಳಿ. ಹಳೆಯ ಮಸ್ಟಾಂಗ್‌ನ ಟಿ5 ಗೇರ್‌ಬಾಕ್ಸ್ ಫೋರ್ಡ್‌ನ ಚಿಕ್ಕ 302 ಎಂಜಿನ್ನಿಗೆ ಸರಿಯಾದ ಜೊತೆ. ಅದನ್ನೇ 427ರ ಹಿಂದೆ ಹಾಕಿದ್ದರೆ ಅದರ ಹಲ್ಲುಗಳು ಎಷ್ಟು ದಿನ ಬಾಳುತ್ತವೆ ಅನ್ನುವುದಷ್ಟೇ ಪ್ರಶ್ನೆ. ಟ್ರೆಮೆಕ್ ಕಂಪನಿಯ ಗಟ್ಟಿ ಗೇರ್‌ಬಾಕ್ಸ್, ಟಿಕೆಓ ಅಥವಾ ಟಿಕೆಎಕ್ಸ್, ಇದ್ದರೆ ನಿರಾಳ.

ಆಮೇಲೆ ಬಿಸಿ. ಕಾರಿನ ಮೂತಿಯಲ್ಲಿ ಗಾಳಿ ಒಳಹೋಗುವ ಬಾಯಿ ಚಿಕ್ಕದು, ಎಂಜಿನ್ ದೊಡ್ಡದು, ಸಿಗ್ನಲ್ಲಿನಲ್ಲಿ ಗಾಳಿಯೇ ಇಲ್ಲ. ನೋಡಲು ಹೋದಾಗ ಒಂದು ಸುತ್ತು ಓಡಿಸಿ ಬಂದು, ಎಂಜಿನ್ ಆಫ್ ಮಾಡದೆ ಇಪ್ಪತ್ತು ನಿಮಿಷ ಹಾಗೇ ಬಿಡಿ. ಫ್ಯಾನ್ ಬರಬೇಕು, ಬಿಸಿ ತೋರಿಸುವ ಮುಳ್ಳು ಒಂದು ಕಡೆ ನಿಲ್ಲಬೇಕು. ಮೆಲ್ಲಗೆ ಏರುತ್ತಲೇ ಹೋದರೆ ಉತ್ತರ ಸಿಕ್ಕಿತು. ಈ ಇಪ್ಪತ್ತು ನಿಮಿಷದಲ್ಲಿ ಮಾರುವವರ ಮುಖವನ್ನೂ ನೋಡಿ, ಮುಳ್ಳಿಗಿಂತ ಬೇಗ ಹೇಳುತ್ತದೆ. ನಿಂತಲ್ಲೇ ಗುಡುಗುಡು ಅಂತ ಇಡೀ ಗಾಡಿ ಅಲುಗಾಡಿಸುವ ಸದ್ದು ಕೇಳಲು ಭಾರೀ ಖುಷಿ ಕೊಡುತ್ತದೆ. ಅದು ರೇಸಿಗೆ ಹೊಂದಿಸಿದ ಕ್ಯಾಮ್‌ಶಾಫ್ಟಿನ, ಅಂದರೆ ವಾಲ್ವ್‌ಗಳನ್ನು ತೆರೆಸುವ ದಂಡದ, ಸದ್ದು. ಅಂಥ ಎಂಜಿನ್ ಮೇಲಿನ ವೇಗದಲ್ಲಿ ಹುಲಿ, ಟ್ರಾಫಿಕ್ಕಿನಲ್ಲಿ ಮೊದಲ ಗೇರಿನಲ್ಲಿ ತೆವಳುವಾಗ ಮುಗ್ಗರಿಸುತ್ತದೆ.

"ಓಡಿರುವುದು ಬಹಳ ಕಡಿಮೆ." ಮಾಮೂಲಿ ಕಾರಿನಲ್ಲಿ ಇದು ಒಳ್ಳೆಯ ಸುದ್ದಿ. ರೆಪ್ಲಿಕಾದಲ್ಲಿ ಅನುಮಾನದ ಸುದ್ದಿ. ಕೈಯಿಂದ ಜೋಡಿಸಿದ ಗಾಡಿಯ ತಪ್ಪುಗಳು ಓಡಿಸಿದಾಗ ಮಾತ್ರ ಹೊರಬೀಳುತ್ತವೆ: ಸಡಿಲವಾಗುವ ನಟ್ಟು, ಸೋರುವ ಸೀಲು, ಎಲ್ಲೋ ಉಜ್ಜುವ ಪೈಪು. ಹತ್ತು ವರ್ಷದಲ್ಲಿ ಬರೀ ಸಾವಿರ ಮೈಲಿ ಓಡಿದೆ ಎಂದರೆ ಆ ತಪ್ಪುಗಳನ್ನು ಯಾರೂ ಇನ್ನೂ ಸರಿ ಮಾಡಿಲ್ಲ ಅಂತಲೇ ಅರ್ಥ. ಐದಾರು ಸಾವಿರ ಮೈಲಿ ಓಡಿ, ಕೆಟ್ಟು, ರಿಪೇರಿಯಾಗಿ, ಆ ರಿಪೇರಿಯ ಬಿಲ್ಲುಗಳಿರುವ ಕಾರಿಗೆ ನಾನಾದರೆ ಜಾಸ್ತಿ ಕೊಡುತ್ತೇನೆ. ನಿಂತೇ ಇದ್ದ ಕಾರಿನ ಪೆಟ್ರೋಲ್ ಕಾರ್ಬ್ಯುರೇಟರಿನೊಳಗೆ ಅಂಟಾಗಿರುತ್ತದೆ, ಬ್ರೇಕ್ ದ್ರವ ತೇವ ಹೀರಿಕೊಂಡಿರುತ್ತದೆ.

ಎಲ್ಲಕ್ಕಿಂತ ಮುಖ್ಯ ಟೈರು. ಟೈರಿನ ಪಕ್ಕದಲ್ಲಿ ಒಂದು ಪುಟ್ಟ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2312 ಎಂದಿದ್ದರೆ 2012ರ 23ನೇ ವಾರ ತಯಾರಾದದ್ದು. ಈ ಕಾರುಗಳಲ್ಲಿ ಟೈರ್ ಸವೆಯುವುದಕ್ಕೆ ಮುಂಚೆಯೇ ಮುದಿಯಾಗುತ್ತದೆ. ಹಲ್ಲುಗಳು ಹೊಸದರಂತೆ ಇರುತ್ತವೆ, ರಬ್ಬರ್ ಮಾತ್ರ ಗಟ್ಟಿ. ಉಗುರಿನಿಂದ ಒತ್ತಿದರೆ ಗೊತ್ತಾಗುತ್ತದೆ. ಗಟ್ಟಿಯಾದ ರಬ್ಬರಿಗೆ 550 ಹಾರ್ಸ್‌ಪವರ್ ಕೊಟ್ಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕಾರಿನಲ್ಲಿ ಅಸಲಿಯಂತೆ 15 ಇಂಚಿನ ಚಕ್ರಗಳಿದ್ದರೆ ಒಳ್ಳೆಯ ಹಿಡಿತದ ಅಗಲ ಟೈರುಗಳ ಆಯ್ಕೆಯೂ ಕಡಿಮೆ, ಒಳಗೆ ದೊಡ್ಡ ಬ್ರೇಕ್ ಡಿಸ್ಕ್ ಹಿಡಿಸುವುದೂ ಇಲ್ಲ. 17 ಅಥವಾ 18 ಇಂಚಿನ ಚಕ್ರ ನೋಡಲು ಸ್ವಲ್ಪ ಎದ್ದು ಕಾಣುತ್ತದೆ, ಓಡಿಸಲು ಎಷ್ಟೋ ವಾಸಿ. ರೂಪ ಬೇಕೋ ಹಿಡಿತ ಬೇಕೋ ನೀವೇ ತೀರ್ಮಾನಿಸಬೇಕು.

"ಹೊಸದರಂತಿದೆ." ಮೇಲಿನಿಂದ ಹೌದು. ಲಿಫ್ಟ್ ಮೇಲೆ ಹಾಕಿ ಕೆಳಗಿನಿಂದ ನೋಡಿ. ಅದಕ್ಕೆ ಒಪ್ಪದವರ ಬಳಿ ಮಾತು ಮುಂದುವರಿಸಬೇಡಿ. ರೋಲ್ ಬಾರ್, ಅಂದರೆ ಚಾಲಕನ ತಲೆಯ ಹಿಂದಿನ ಬಾಗಿದ ಪೈಪು, ಚಾಸಿಸ್‌ಗೆ ಬೋಲ್ಟ್ ಆಗಿದೆಯೋ, ಬರೀ ಫೈಬರ್‌ಗ್ಲಾಸ್‌ಗೆ ಕಚ್ಚಿಕೊಂಡಿದೆಯೋ ಕೆಳಗಿನಿಂದ ಮಾತ್ರ ಕಾಣುವುದು. ಎರಡನೆಯದಾದರೆ ಅದು ಅಲಂಕಾರ, ಗಾಡಿ ಮಗುಚಿದರೆ ಯಾರನ್ನೂ ಉಳಿಸುವುದಿಲ್ಲ. ಸೀಟ್ ಬೆಲ್ಟಿಗೂ ಇದೇ ಮಾತು. ಬ್ರೇಕ್ ಪೈಪು, ಪೆಟ್ರೋಲ್ ಪೈಪುಗಳು ಸೈಲೆನ್ಸರಿನಿಂದ ಎಷ್ಟು ದೂರ ಇವೆ, ಎಲ್ಲೆಲ್ಲಿ ಕ್ಲಿಪ್ ಹಾಕಿದ್ದಾರೆ ನೋಡಿ. ಶಿಸ್ತಿನ ಕೆಲಸಗಾರ ಬೋಲ್ಟನ್ನು ಸರಿಯಾಗಿ ಬಿಗಿದ ಮೇಲೆ ಬೋಲ್ಟು ನಟ್ಟು ಎರಡರ ಮೇಲೂ ಒಂದು ಬಣ್ಣದ ಗೆರೆ ಎಳೆದಿರುತ್ತಾನೆ, ಅದು ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ. ಅಂಥ ಗೆರೆಗಳು ಕಂಡರೆ ಅರ್ಧ ಚಿಂತೆ ಕಳೆಯಿತು.

ಫೈಬರ್‌ಗ್ಲಾಸ್ ಬಾಡಿಯಲ್ಲಿ ಬಾಗಿಲ ಹಿಂಜಿನ ಸುತ್ತ, ರೋಲ್ ಬಾರ್ ತೂತುಗಳ ಸುತ್ತ ಜೇಡರ ಬಲೆಯಂಥ ಸಣ್ಣ ಬಿರುಕುಗಳಿವೆಯಾ ನೋಡಿ. ಬಿರುಕು ಬಾಡಿಯದಾದರೂ ರೋಗ ಹಲವು ಸಲ ಚಾಸಿಸ್‌ನದು, ಅದು ತಿರುಚಿಕೊಳ್ಳುತ್ತಿದೆ ಎಂದರ್ಥ. ಒಂದು ಸುಲಭ ಪರೀಕ್ಷೆ: ಮುಂದಿನ ಒಂದು ಮೂಲೆಯನ್ನು ಮಾತ್ರ ಜ್ಯಾಕ್ ಹಾಕಿ ಎತ್ತಿ, ಬಾಗಿಲು ತೆಗೆದು ಹಾಕಿ ನೋಡಿ. ನೆಲದ ಮೇಲಿದ್ದಾಗ ಕೂರುತ್ತಿದ್ದಂತೆಯೇ ಕೂರಬೇಕು. ಅಸಲಿ ಕೋಬ್ರಾದ ಚಾಸಿಸ್ಸೇ ಎರಡು ದಪ್ಪ ಕೊಳವೆಗಳ ಏಣಿ, ಅದು ಬಳುಕುತ್ತಿತ್ತು. ಒಳ್ಳೆಯ ರೆಪ್ಲಿಕಾ ಅಸಲಿಯನ್ನು ಮೀರಿಸುವುದು ಇಲ್ಲೇ.

ವೈರಿಂಗಿನಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಮಾಮೂಲಿ ಕಾರಿನ ಉಕ್ಕಿನ ಬಾಡಿಯೇ ಕರೆಂಟಿಗೆ ವಾಪಸು ದಾರಿ. ಫೈಬರ್‌ಗ್ಲಾಸ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಪ್ರತಿ ದೀಪಕ್ಕೂ, ಹಾರ್ನಿಗೂ, ಮೀಟರಿಗೂ ಚಾಸಿಸ್‌ವರೆಗೆ ಬೇರೆ ಅರ್ತ್ ವೈರ್ ಎಳೆಯಬೇಕು. ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟ್ ಮಿಣುಕಿದರೆ, ಬ್ರೇಕ್ ಒತ್ತಿದಾಗ ಪೆಟ್ರೋಲ್ ಮುಳ್ಳು ಕುಣಿದರೆ ಅರ್ತ್ ಕೆಲಸ ಕಳಪೆ.

ಇನ್ನು ಓಡಿಸುವುದು. ಮುಂದಿನ ಹಿಂದಿನ ಚಕ್ರಗಳ ನಡುವೆ 90 ಇಂಚು, ತೂಕ ಸುಮಾರು 1,100 ಕಿಲೊ, ಎಬಿಎಸ್ ಸಾಮಾನ್ಯವಾಗಿ ಇಲ್ಲ, ಚಕ್ರ ಜಾರಿದರೆ ಹಿಡಿಯುವ ಎಲೆಕ್ಟ್ರಾನಿಕ್ಸೂ ಇಲ್ಲ. ಹಿಂಬದಿ ಜಾರಲು ಶುರುವಾದರೆ ಯೋಚಿಸಲು ಸಮಯ ಸಿಗುವುದಿಲ್ಲ. ಹೊಸ ಕಾಲದ 500 ಹಾರ್ಸ್‌ಪವರ್ ಕಾರು ಓಡಿಸಿದ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಕಂಪ್ಯೂಟರ್ ನಿಮ್ಮ ತಪ್ಪುಗಳನ್ನು ನುಂಗಿಕೊಳ್ಳುತ್ತಿತ್ತು. ಟೆಸ್ಟ್ ಡ್ರೈವ್‌ಗೆ ಉಬ್ಬುತಗ್ಗಿನ ನೇರ ರಸ್ತೆ ಆರಿಸಿ. ಪ್ರತಿ ಉಬ್ಬಿಗೂ ಸ್ಟೀರಿಂಗ್ ತಾನಾಗಿಯೇ ಎಡಕ್ಕೋ ಬಲಕ್ಕೋ ಎಳೆದರೆ ಸ್ಟೀರಿಂಗ್ ಜೋಡಿಸಿದ ಎತ್ತರ ತಪ್ಪಾಗಿರಬಹುದು. ಪೆಡಲ್‌ಗಳು ಇಕ್ಕಟ್ಟು, ಅಗಲ ಶೂ ಹಾಕಿದರೆ ಬ್ರೇಕ್ ಒತ್ತುವಾಗ ಆಕ್ಸಿಲರೇಟರೂ ಒತ್ತಿಹೋಗುತ್ತದೆ. ಇಳಿಯುವಾಗ ಪಕ್ಕದ ಸೈಲೆನ್ಸರಿಗೆ ಮೀನಖಂಡ ತಾಗಿ ಸುಡುವುದು ಎಷ್ಟು ಮಾಮೂಲು ಎಂದರೆ ಕೋಬ್ರಾ ಬಳಗದಲ್ಲಿ ಅದಕ್ಕೆ ಹಾವು ಕಚ್ಚಿತು ಅಂತಲೇ ಹೇಳುತ್ತಾರೆ. ಚಡ್ಡಿ ಹಾಕಿಕೊಂಡು ಹೋಗಬೇಡಿ.

ಬೇರೆ ರೆಪ್ಲಿಕಾಗಳಿಗೂ ಇದೇ ತನಿಖೆ, ಜಾಗಗಳು ಮಾತ್ರ ಬೇರೆ. ಪೋರ್ಷೆ 356 ಸ್ಪೀಡ್‌ಸ್ಟರ್ ನಕಲುಗಳಲ್ಲಿ ಬಹಳಷ್ಟು ಫೋಕ್ಸ್‌ವ್ಯಾಗನ್ ಬೀಟಲ್‌ನ ತಳದ ಮೇಲೆ ಕೂತಿವೆ. ಬೀಟಲ್‌ನ ಚಕ್ರಗಳ ಅಂತರ 2,400 ಮಿಲಿಮೀಟರ್, ಪೋರ್ಷೆಯದು 2,100. ಆದ್ದರಿಂದ ತಳವನ್ನು ಕತ್ತರಿಸಿ ಮತ್ತೆ ವೆಲ್ಡ್ ಮಾಡಿರುತ್ತಾರೆ. ಅಲ್ಲಿ ಮೊದಲು ನೋಡಬೇಕಾದದ್ದು ಆ ವೆಲ್ಡಿಂಗ್. ಫೋರ್ಡ್ ಜಿಟಿ40ಯ ಹೆಸರಿನಲ್ಲೇ ಅದರ ಎತ್ತರ ಇದೆ, 40 ಇಂಚು. ಎತ್ತರದ ರೇಸರ್ ಡ್ಯಾನ್ ಗರ್ನಿಯ ಹೆಲ್ಮೆಟ್ ಹಿಡಿಸಲು ಸೂರನ್ನೇ ಉಬ್ಬಿಸಿದ್ದರು, ಇವತ್ತಿನ ರೆಪ್ಲಿಕಾಗಳಲ್ಲೂ ಆ ಉಬ್ಬನ್ನು ಕೇಳಿ ಹಾಕಿಸಿಕೊಳ್ಳಬಹುದು. ನೀವು ಎತ್ತರವಿದ್ದರೆ ದುಡ್ಡಿನ ಮಾತಿಗೆ ಮುಂಚೆ ಒಳಗೆ ಕೂತು ಬಾಗಿಲು ಹಾಕಿ ನೋಡಿ.

ಕೊನೆಯದಾಗಿ ಫೈಲು. ಜೋಡಿಸಿದವರು ಪ್ರತಿ ಭಾಗ ಎಲ್ಲಿಯದು ಎಂದು ಬರೆದಿಟ್ಟಿರಬೇಕು: ಮುಂದಿನ ಬ್ರೇಕ್ ಪ್ಯಾಡ್ ಯಾವ ವರ್ಷದ ಮಸ್ಟಾಂಗ್‌ನದು, ಕ್ಲಚ್ ಯಾವುದು, ವಾಟರ್ ಪಂಪ್ ಯಾವುದು, ಹೀಗೆ. ಇದಿಲ್ಲದಿದ್ದರೆ ಮುಂದೆ ಒಂದು ಬೇರಿಂಗ್ ಬೇಕಾದಾಗ ಮೆಕ್ಯಾನಿಕ್ ಕಳಚಿ, ಅಳೆದು, ಊಹಿಸಿ ಹುಡುಕಬೇಕು, ಆ ಕೂಲಿ ಪಾರ್ಟಿನ ಬೆಲೆಗಿಂತ ಜಾಸ್ತಿಯಾಗುತ್ತದೆ. ಇನ್ಶೂರೆನ್ಸಿಗೂ ಇದೇ ಫೈಲು ಬೇಕು. ಮಾಮೂಲಿ ಪಾಲಿಸಿಯಲ್ಲಿ ಮಾರುಕಟ್ಟೆ ಬೆಲೆ ಲೆಕ್ಕ ಹಾಕುತ್ತಾರೆ, ಒಂದೇ ಒಂದು ಇರುವ ಗಾಡಿಗೆ ಯಾವ ಮಾರುಕಟ್ಟೆ? ಮೊದಲೇ ಒಪ್ಪಿಕೊಂಡ ಮೊತ್ತ ಕೊಡುವ ಪಾಲಿಸಿ ಕೇಳಿ, ಬಿಲ್ಲು ಫೋಟೊಗಳಿದ್ದರೆ ಒಪ್ಪಿಸುವುದು ಸುಲಭ.

ಚೌಕಾಸಿಗೂ ಆ ಬಿಲ್ಲುಗಳನ್ನೇ ಇಟ್ಟುಕೊಳ್ಳಿ. ಬಿಡಿಭಾಗಕ್ಕೆ ಹಾಕಿದ ದುಡ್ಡು, ರಾತ್ರಿಗಟ್ಟಲೆ ಪಟ್ಟ ಶ್ರಮ ಎರಡೂ ಮಾರುವಾಗ ವಾಪಸು ಬರುವುದು ಅಪರೂಪ. ಹಾಗಾಗಿ ಚೆನ್ನಾಗಿ ಜೋಡಿಸಿ ಒಂದಷ್ಟು ಓಡಿಸಿದ ಕಾರು, ಅದನ್ನೇ ನೀವು ಹೊಸದಾಗಿ ಕಟ್ಟಿಸುವುದಕ್ಕಿಂತ ಕಡಿಮೆಗೆ ಸಿಗುತ್ತದೆ. ಟೈರ್ ಹಳೆಯದಾಗಿದ್ದರೆ ಹೊಸ ಸೆಟ್ಟಿನ ಬೆಲೆಯನ್ನು ಅಲ್ಲೇ ಕಳೆಯಿರಿ.